ಸೀಟು ನಮ್ಮದು, ಲಿಸ್ಟು ಯಾರದು?



ಸ್ವಲ್ಪ ಉದ್ದ ಬರೀತಾ ಇದ್ದೀನಿ, ಬೇಜಾರು ಮಾಡ್ಕೋಬೇಡಿ. ಅರ್ಜೆಂಟ್ ಇರೋರು ಕೊನೆಯಲ್ಲಿರೋ ನಾಲ್ಕು ಬೇಡಿಕೆಗಳನ್ನಾದ್ರೂ ಓದಿ. ಒಪ್ಪಿಗೆ ಇಲ್ಲದಿದ್ರೆ ಕಾಮೆಂಟಲ್ಲಿ ಬೈಯಿರಿ, ಆದ್ರೆ ಓದಿ ಬೈಯಿರಿ.

ಮೊನ್ನೆ ಸಂಜೆ ಕೆಲಸ ಮುಗಿಸ್ಕೊಂಡು ಬಂಗಾರಪೇಟೆ ಸ್ಟೇಷನ್ನಲ್ಲಿ ನಿಂತಿದ್ದೆ. ಬೆಂಗಳೂರಿಂದ ಬಂದ ಟ್ರೈನು ಮಾರಿಕುಪ್ಪಂ ಕಡೆ ಹೊರಡೋಕೆ ಇನ್ನೂ ಟೈಮಿತ್ತು. ನಮ್ಮ ಸಂಘಟನೆಗೆ ಬಂದು ಹೋಗೋ ಒಬ್ಬ ಹುಡುಗ ಇಳಿದು ಬಂದ. ಬೆಳಿಗ್ಗೆ ಕತ್ತಲಲ್ಲೇ ಹೋಗಿ ರಾತ್ರಿ ಕತ್ತಲಲ್ಲಿ ಬರೋ ಸಾವಿರಾರು ಜನರಲ್ಲಿ ಅವನೂ ಒಬ್ಬ. ಟೀ ಕುಡೀತಾ ಕೇಳ್ದ: "ಅಣ್ಣಾ, 2030ಕ್ಕೆ ಈ ಎಂಎಲ್ಎ, ಎಂಪಿ ಮೀಸಲಾತಿ ಮುಗಿಯುತ್ತಂತಲ್ಲ. ಮುಗೀಲಿ ಬಿಡಣ್ಣ. ಗೆದ್ದೋರು ಯಾವತ್ತು ನಮ್ಮ ಪರ ಬಾಯಿ ಬಿಟ್ಟಿದ್ದಾರೆ? ಓನರ್ ಬೇರೆ, ಬೋರ್ಡು ಮಾತ್ರ ನಮ್ಮದು."

ನಾನು ತಕ್ಷಣ ಉತ್ತರ ಕೊಡ್ಲಿಲ್ಲ. ಯಾಕಂದ್ರೆ ಅವನ ಸಿಟ್ಟು ಸುಳ್ಳಲ್ಲ. ಈ ಮಾತು ನಮ್ಮ ಮೀಟಿಂಗುಗಳಲ್ಲೇ ಹಲವಾರು ಸಲ ಬಂದಿದೆ. ಹಿರಿಯ ಹೋರಾಟಗಾರರೇ ಹೇಳಿದ್ದಾರೆ. ಆದ್ರೆ ಮನೆಗೆ ಬಂದು ಯೋಚನೆ ಮಾಡಿದಷ್ಟೂ, ನಾವು ಬೈಯೋ ಜಾಗ ತಪ್ಪಾಗಿದೆ ಅನ್ನಿಸ್ತು. ಸೀಟನ್ನ ಬೈತಾ ಇದ್ದೀವಿ. ಬೈಯಬೇಕಾಗಿರೋದು ಲಿಸ್ಟನ್ನ.

ಮೊದಲು ಕಾನೂನು ಎಲ್ಲಿಗೆ ಬಂದು ನಿಂತಿದೆ ನೋಡೋಣ.

ಸಂವಿಧಾನದ 330ನೇ ವಿಧಿ ಲೋಕಸಭೆಯಲ್ಲಿ, 332ನೇ ವಿಧಿ ವಿಧಾನಸಭೆಯಲ್ಲಿ ಪರಿಶಿಷ್ಟರಿಗೆ ಸೀಟು ಕೊಡುತ್ತೆ. ಇವತ್ತು ಲೋಕಸಭೆಯಲ್ಲಿ ಎಸ್‌ಸಿಗೆ 84 ಸೀಟು. ಕರ್ನಾಟಕದ 224ರಲ್ಲಿ ಎಸ್‌ಸಿಗೆ 36, ಎಸ್‌ಟಿಗೆ 15. 334ನೇ ವಿಧಿ ಇದಕ್ಕೆ ಗಡುವು ಇಡುತ್ತೆ. ಮೊದಲು ಹತ್ತು ವರ್ಷ ಅಂತ ಇತ್ತು. ಅಲ್ಲಿಂದ ಹತ್ತು ಹತ್ತು ವರ್ಷ ಮುಂದೂಡ್ಕೊಂಡು ಬಂದಿದ್ದಾರೆ. ಕೊನೆಯದು 2019ರ 104ನೇ ತಿದ್ದುಪಡಿ, ಗಡುವು 2030ರ ಜನವರಿ 25. (ಇಲ್ಲೇ ಒಂದು ಮಾತು. "ಅಂಬೇಡ್ಕರ್ ಮೀಸಲಾತಿ ಹತ್ತೇ ವರ್ಷ ಅಂದಿದ್ರು" ಅಂತ ವಾಟ್ಸಾಪಲ್ಲಿ ಬಿಡ್ತಾರಲ್ಲ, ಆ ಹತ್ತು ವರ್ಷ ಇರೋದು ಈ ರಾಜಕೀಯ ಸೀಟುಗಳಿಗೆ ಮಾತ್ರ. ಕೆಲಸ, ಕಾಲೇಜು ಮೀಸಲಾತಿಗೆ ಅಂಥ ಗಡುವೇ ಇಲ್ಲ. ಯಾರಾದ್ರೂ ಕೇಳಿದ್ರೆ ಮುಖಕ್ಕೆ ಹೇಳಿ.)

ಈ ಮುಂದೂಡಿಕೆಯೇ ತಪ್ಪು ಅಂತ 2000ದಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ, ಅಶೋಕ್ ಕುಮಾರ್ ಜೈನ್ ಕೇಸು. 2023ರ ಸೆಪ್ಟೆಂಬರಲ್ಲಿ ಐದು ನ್ಯಾಯಮೂರ್ತಿಗಳ ಪೀಠ 104ನೇ ತಿದ್ದುಪಡಿಯ ಸಿಂಧುತ್ವವನ್ನು ನೋಡ್ತೀವಿ ಅಂತ ಹೇಳಿತು. ಅಂದ್ರೆ ಒಂದು ಕಡೆ ಕೋರ್ಟು, ಇನ್ನೊಂದು ಕಡೆ 2030ರ ಗಡುವು. ಇಂಥ ಹೊತ್ತಲ್ಲಿ ನಮ್ಮ ಹುಡುಗರೇ "ಮುಗೀಲಿ ಬಿಡಿ" ಅಂದ್ರೆ, ಎದುರಿಗಿರೋರಿಗೆ ವಕೀಲರೇ ಬೇಕಾಗಿಲ್ಲ.

ಅದೇ 104ನೇ ತಿದ್ದುಪಡಿ ಇನ್ನೊಂದು ಕೆಲಸ ಮಾಡಿತು. ಆಂಗ್ಲೋ ಇಂಡಿಯನ್ನರಿಗೆ ಲೋಕಸಭೆಯಲ್ಲಿ, ವಿಧಾನಸಭೆಗಳಲ್ಲಿ ಇದ್ದ ನಾಮನಿರ್ದೇಶನವನ್ನ ನಿಲ್ಲಿಸಿಬಿಡ್ತು. ನಮ್ಮ ವಿಧಾನಸಭೆಯಲ್ಲಿ 225ನೇ ಕುರ್ಚಿ ಅಂತ ಒಂದಿತ್ತಲ್ಲ, ಅದು. ಕೆಜಿಎಫ್‌ನೋರಿಗೆ ಆಂಗ್ಲೋ ಇಂಡಿಯನ್ನರು ಯಾರು ಅಂತ ಹೇಳಿಕೊಡಬೇಕಾಗಿಲ್ಲ. ಊರಿಗಾಂ, ಚಾಂಪಿಯನ್ ರೀಫ್ ಕಡೆ ಅವರ ಬಂಗಲೆ ಒಂದು ಕಡೆ, ನಮ್ಮ ಲೈನ್ ಮನೆಗಳು ಒಂದು ಕಡೆ. ಅವರ ಬಗ್ಗೆ ನನಗೇನೂ ವಿಶೇಷ ಮರುಕ ಇಲ್ಲ. ಆದ್ರೆ ತೆಗೆದ ರೀತಿ ನೋಡಿ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಇರೋದೇ 296 ಆಂಗ್ಲೋ ಇಂಡಿಯನ್ನರು ಅಂತ ಮಂತ್ರಿಗಳು ಸಂಸತ್ತಿನಲ್ಲಿ ಹೇಳಿದ್ರು. ಕೆಜಿಎಫ್‌ನ ಹಳಬರನ್ನ ಕೇಳಿ, ನಗ್ತಾರೆ. ಒಂದು ಲೆಕ್ಕ ಹೇಳಿದ್ರು, ಒಂದು ಓಟು ಹಾಕಿದ್ರು, ಎಪ್ಪತ್ತು ವರ್ಷದ ಕುರ್ಚಿ ಹೋಯ್ತು. ಯಾಕೆ ಅಷ್ಟು ಸುಲಭ ಆಯ್ತು? ಆ ಕುರ್ಚಿ ಮೇಲಿನವರ ದಯೆಯಿಂದ ಬಂದಿತ್ತು. ನಾಮನಿರ್ದೇಶನ ಮಾಡೋನು ನಾಮ ತೆಗೆಯೋಕೂ ಬರುತ್ತೆ. ಕೊಟ್ಟ ಕುರ್ಚಿಗೂ ಕಿತ್ಕೊಂಡ ಕುರ್ಚಿಗೂ ಇರೋ ವ್ಯತ್ಯಾಸ ಅದು.

ಈಗ ನಮ್ಮ ಮೀಸಲು ಸೀಟು ನೋಡಿ. ಕಾಗದದ ಮೇಲೆ ಅದು ಚುನಾವಣೆ. ನಿಜದಲ್ಲಿ ಅದು ನಾಮನಿರ್ದೇಶನವೇ ಆಗಿಬಿಟ್ಟಿದೆ. ಹೇಗೆ ಅಂದ್ರೆ, ಬಿ ಫಾರಂ.

ಕೋಲಾರ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಮೂರು ಮೀಸಲು: ಕೆಜಿಎಫ್, ಬಂಗಾರಪೇಟೆ, ಮುಳಬಾಗಿಲು. ಲೋಕಸಭಾ ಕ್ಷೇತ್ರವೂ ಮೀಸಲು. ಹೊರಗಿನವರು ನೋಡಿದ್ರೆ ಅಬ್ಬಾ ಇದು ದಲಿತರ ರಾಜ್ಯ ಅನ್ಕೋಬೇಕು.

2024ರ ಮಾರ್ಚ್ ನೆನಪಿದೆಯಾ? ಲೋಕಸಭಾ ಟಿಕೆಟ್ ಕೆ.ಎಚ್. ಮುನಿಯಪ್ಪನವರ ಅಳಿಯನಿಗೆ ಕೊಡಬೇಕಾ ಬೇಡವಾ ಅಂತ ಕಾಂಗ್ರೆಸ್ಸಲ್ಲಿ ಬೆಂಕಿ ಬಿತ್ತು. ಒಬ್ಬ ಮಂತ್ರಿ, ಶಾಸಕರು, ಪರಿಷತ್ ಸದಸ್ಯರು ರಾಜೀನಾಮೆ ಕೊಡ್ತೀವಿ ಅಂತ ಹೊರಟರು. ಬಲಗೈಗೆ ಕೊಡಿ, ಎಡಗೈಗೆ ಕೊಡಿ ಅಂತ ನಮ್ಮ ಕೇರಿಗಳ ಹೆಸರು ಹೇಳ್ಕೊಂಡು ಟಿವಿಯಲ್ಲಿ ಇಡೀ ದಿನ ಚರ್ಚೆ. ನಾನು ಆವತ್ತು ಒಂದೇ ಲೆಕ್ಕ ಹಾಕ್ದೆ. ರಾಜೀನಾಮೆಗೆ ಹೊರಟವರಲ್ಲಿ ಮೀಸಲು ಕ್ಷೇತ್ರದಿಂದ ಗೆದ್ದವರು ಎಷ್ಟು? ನಮ್ಮ ಬಂಗಾರಪೇಟೆ ಶಾಸಕರನ್ನ ಬಿಟ್ರೆ ಉಳಿದವರು ಸಾಮಾನ್ಯ ಕ್ಷೇತ್ರದವರು, ಪರಿಷತ್ತಿನವರು. ಪರಿಶಿಷ್ಟರ ಸೀಟಿಗೆ ಪರಿಶಿಷ್ಟರಲ್ಲಿ ಯಾರು ನಿಲ್ಲಬೇಕು ಅಂತ ತೀರ್ಮಾನ ಮಾಡೋ ಜಗಳದಲ್ಲಿ ಪರಿಶಿಷ್ಟರೇ ಕಮ್ಮಿ!

ಕೊನೆಗೆ ಕಾಂಗ್ರೆಸ್ ಕೆ.ವಿ. ಗೌತಮ್ ಅವರನ್ನ ನಿಲ್ಲಿಸಿತು. ಆ ಕಡೆ ಬಿಜೆಪಿ ತನ್ನ ಹಾಲಿ ಎಂಪಿಯ ಸೀಟನ್ನ ಮೈತ್ರಿ ಲೆಕ್ಕದಲ್ಲಿ ಜೆಡಿಎಸ್‌ಗೆ ಬಿಟ್ಟುಕೊಟ್ಟಿತು. ಮಲ್ಲೇಶ್ ಬಾಬು ಗೆದ್ದರು. ಗೆದ್ದವರ ಮೇಲಾಗಲಿ ಸೋತವರ ಮೇಲಾಗಲಿ ನನಗೆ ವೈಯಕ್ತಿಕ ದ್ವೇಷ ಇಲ್ಲ. ನನ್ನ ಪ್ರಶ್ನೆ ಇಷ್ಟೇ: ಮೂರು ಪಕ್ಷದಲ್ಲಿ ಒಂದಾದ್ರೂ ಕೇರಿಗೆ ಬಂದು "ನಿಮ್ಮಲ್ಲಿ ಯಾರು ನಿಂತ್ರೆ ಸರಿ?" ಅಂತ ಕೇಳ್ತಾ? ಬೆಂಗಳೂರಲ್ಲಿ ಬರೆದ್ರು, ದೆಹಲಿಯಲ್ಲಿ ಸೈನು ಹಾಕಿದ್ರು, ನಮಗೆ ಬಟನ್ ಒತ್ತೋ ಕೆಲಸ ಕೊಟ್ರು.

ಕೆಜಿಎಫ್ ಹೀಗೆ ಇರಲಿಲ್ಲ ಕಣ್ರೀ. ಈ ಊರು ರಿಪಬ್ಲಿಕನ್ ಪಕ್ಷದಿಂದ ಸಿ.ಎಂ. ಆರ್ಮುಗಂ ಅವರನ್ನ ಕಳಿಸಿದ ಊರು. 1985ರಲ್ಲಿ ಮಾರ್ಕ್ಸ್‌ವಾದಿ ಪಕ್ಷದ ಟಿ.ಎಸ್. ಮಣಿ, 1994 ಮತ್ತು 2004ರಲ್ಲಿ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್. ಮಧ್ಯೆ ಅಣ್ಣಾ ಡಿಎಂಕೆಯ ಭಕ್ತವತ್ಸಲಂ. ಅಣ್ಣಾ ಡಿಎಂಕೆ ಲಿಸ್ಟು ಚೆನ್ನೈಯಿಂದ ಬರ್ತಿತ್ತು, ಒಪ್ತೀನಿ. ಆದ್ರೆ ಕ್ಯಾಂಡಿಡೇಟು ಲೈನ್ ಮನೆಗಳಲ್ಲಿ ಮುಖ ತೋರಿಸಿ ಉತ್ತರ ಕೊಡಬೇಕಿತ್ತು. ಗಣಿ ಇತ್ತು, ಯೂನಿಯನ್ ಇತ್ತು, ಶಿಫ್ಟ್ ಮುಗಿಸಿ ಬಂದ ಕಾರ್ಮಿಕ ಟೀ ಅಂಗಡಿಯಲ್ಲೇ ಕೂತು ಯಾರು ನಿಲ್ಲಬೇಕು ಅಂತ ಜಗಳ ಆಡ್ತಿದ್ದ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಯೂನಿಯನ್ ಹೋಯ್ತು. 2008ರಲ್ಲಿ ಬಿಜೆಪಿಯ ವೈ. ಸಂಪಂಗಿ, 2013ರಲ್ಲಿ ಅದೇ ಮನೆಯಿಂದ ವೈ. ರಾಮಕ್ಕ, 2018 ಮತ್ತು 2023ರಲ್ಲಿ ಕೆ.ಎಚ್. ಮುನಿಯಪ್ಪನವರ ಮಗಳು ರೂಪಕಲಾ. ಮನೆತನ ಅನ್ನೋದು ಮೇಲ್ಜಾತಿ ರಾಜಕಾರಣದ ರೋಗ ಅಂತ ಅನ್ಕೊಂಡಿದ್ವಿ. ಬಿ ಫಾರಂ ಮೇಲಿಂದ ಬರೋ ಕಡೆ ಎಲ್ಲಾ ಕಡೆಯೂ ಅದೇ ರೋಗ ಬರುತ್ತೆ.

ಮುಳಬಾಗಿಲಿನ ಕಥೆ ಇನ್ನೂ ಚೆನ್ನಾಗಿದೆ. 2013ರಲ್ಲಿ ಆ ಮೀಸಲು ಕ್ಷೇತ್ರದಿಂದ ಗೆದ್ದವರ ಜಾತಿ ಪ್ರಮಾಣಪತ್ರದ ಮೇಲೆ ಕೇಸು ಬಿತ್ತು. ಅದು ಸರಿಯಿಲ್ಲ ಅಂತ ಹೈಕೋರ್ಟ್ ಹೇಳಿದ್ದು 2018ರಲ್ಲಿ. ಅಷ್ಟರಲ್ಲಿ ಐದು ವರ್ಷದ ಅವಧಿ ಮುಗಿಯೋಕೆ ಬಂದಿತ್ತು. ಚುನಾವಣಾ ತಕರಾರು ಅರ್ಜಿಯನ್ನ ಆರು ತಿಂಗಳಲ್ಲಿ ಮುಗಿಸೋ ಪ್ರಯತ್ನ ಮಾಡಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 86ನೇ ಸೆಕ್ಷನ್ನಲ್ಲೇ ಬರೆದಿದೆ. ಆರು ತಿಂಗಳು ಐದು ವರ್ಷ ಆದ್ರೆ, ಆ ಐದು ವರ್ಷ ಪರಿಶಿಷ್ಟರ ಕುರ್ಚಿ ಯಾರ ಲೆಕ್ಕಕ್ಕೆ ಹೋಯ್ತು? ಯಾರೂ ವಾಪಸ್ ಕೊಡಲ್ಲ.

ಗೆದ್ದ ಮೇಲೆ ಇನ್ನೊಂದು ಬೀಗ ಇದೆ. 1985ರ 52ನೇ ತಿದ್ದುಪಡಿಯಲ್ಲಿ ಬಂದ ಹತ್ತನೇ ಅನುಸೂಚಿ, ನಾವು ಪಕ್ಷಾಂತರ ನಿಷೇಧ ಅಂತೀವಲ್ಲ ಅದು. ವಿಪ್ ಮೀರಿ ಓಟು ಹಾಕಿದ್ರೆ ಸೀಟು ಹೋಗುತ್ತೆ. 1992ರಲ್ಲಿ ಕಿಹೋಟೋ ಹೊಲ್ಲೊಹಾನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎತ್ತಿ ಹಿಡೀತು. ಕುದುರೆ ವ್ಯಾಪಾರ ನಿಲ್ಲಿಸೋಕೆ ಬೇಕು ಅಂದ್ರು, ಸರಿ. ಆದ್ರೆ ಮೀಸಲು ಸೀಟಿನೋನಿಗೆ ಇದು ಏನು ಮಾಡಿತು? ದಲಿತರಿಗೆ ಇಟ್ಟ ದುಡ್ಡನ್ನ ಬೇರೆ ಕಡೆ ತಿರುಗಿಸೋ ಬಜೆಟ್ ಬಂದ್ರೂ ಅವನು ಕೈ ಎತ್ತಲೇಬೇಕು. ಎತ್ತದಿದ್ರೆ ಇದ್ದ ಕುರ್ಚಿ ಹೋಗುತ್ತೆ. ಎತ್ತಿದ್ರೆ ಮುಂದಿನ ಬಿ ಫಾರಂ ಬರುತ್ತೆ. ಬಾಯಿಗೆ ಹೊಲಿಗೆ ಹಾಕಿ "ಯಾಕಪ್ಪಾ ಮಾತಾಡಲ್ಲ" ಅಂತ ಕೇಳಿದ ಹಾಗಾಯ್ತು.

ಇದು ಹೀಗೇ ಆಗುತ್ತೆ ಅಂತ ಬಾಬಾಸಾಹೇಬರಿಗೆ ಗೊತ್ತಿತ್ತು. ಗೊತ್ತಿದ್ದೇ ಅವರು ಬೇರೆ ದಾರಿ ಕೇಳಿದ್ರು.

1932ರ ಆಗಸ್ಟಲ್ಲಿ ಬ್ರಿಟಿಷರ ತೀರ್ಪು ನಮಗೆ ಪ್ರಾಂತ್ಯಗಳಲ್ಲಿ 71 ಸೀಟು ಕೊಟ್ಟಿತ್ತು. ಸಂಖ್ಯೆ ಕಮ್ಮಿ. ಆದ್ರೆ ಅದರ ಜೊತೆ ಎರಡು ಓಟು. ಒಂದು ನಮ್ಮವರನ್ನ ನಾವೇ ಆರಿಸೋಕೆ, ಇನ್ನೊಂದು ಎಲ್ಲರ ಜೊತೆ ಸಾಮಾನ್ಯ ಸೀಟಿಗೆ. ಗಾಂಧಿ ಯರವಾಡ ಜೈಲಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ. ಸೀಟು 148 ಆಯ್ತು, ಎರಡನೇ ಓಟು ಹೋಯ್ತು. ಇದು ನಮಗೆಲ್ಲ ಗೊತ್ತಿರೋ ಕಥೆ. ನಾವು ಮರೆತಿರೋ ಭಾಗ ಒಂದಿದೆ. ಅದನ್ನ ಹುಡುಗರಿಗೆ ಹೇಳಿ.

ಪೂನಾ ಒಪ್ಪಂದದಲ್ಲೇ ಒಂದು ಪ್ರಾಥಮಿಕ ಚುನಾವಣೆ ಇತ್ತು. ಮೀಸಲು ಕ್ಷೇತ್ರದ ದಲಿತ ಮತದಾರರು ಮಾತ್ರ ಸೇರಿ ಮೊದಲು ನಾಲ್ಕು ಜನರ ಪಟ್ಟಿ ಆರಿಸಬೇಕು. ಆ ನಾಲ್ವರಲ್ಲಿ ಒಬ್ಬರನ್ನ ಊರಿನೋರೆಲ್ಲ ಸೇರಿ ಗೆಲ್ಲಿಸಬೇಕು. ಅಂದ್ರೆ ಲಿಸ್ಟು ನಮ್ಮದು, ಕೊನೆಯ ಓಟು ಎಲ್ಲರದು. ಮೈಸೂರು ಸಂಸ್ಥಾನದಲ್ಲಿದ್ದ ನಮಗೆ ಇದು ಅನ್ವಯ ಆಗಲಿಲ್ಲ. ಆದ್ರೆ ಪಕ್ಕದ ಮದ್ರಾಸ್ ಪ್ರಾಂತ್ಯಕ್ಕೆ ಅನ್ವಯಿಸ್ತಿತ್ತು. ನಾವು ಕಟ್ಟಿಕೊಂಡ ರಾಜಿಯಲ್ಲೂ ಲಿಸ್ಟು ನಮ್ಮ ಕೈಯಲ್ಲಿತ್ತು, ಗೊತ್ತಾಯ್ತಾ? ಆ ವ್ಯವಸ್ಥೆಗೆ ಹತ್ತು ವರ್ಷದ ಗಡುವು ಇಟ್ಟಿದ್ರು. ಅದು ಸದ್ದಿಲ್ಲದೆ ಸತ್ತು ಹೋಯ್ತು. ಸೀಟು ಉಳೀತು, ಲಿಸ್ಟು ಹೋಯ್ತು.

1947ರ ಆಗಸ್ಟಲ್ಲಿ ಸಂವಿಧಾನ ಸಭೆಯಲ್ಲಿ ಮದ್ರಾಸಿನ ಎಸ್. ನಾಗಪ್ಪ ಇನ್ನೊಂದು ದಾರಿ ಇಟ್ಟರು. ಮೀಸಲು ಸೀಟಲ್ಲಿ ಗೆಲ್ಲೋನು ಪರಿಶಿಷ್ಟರು ಹಾಕಿದ ಓಟಲ್ಲಿ ಕನಿಷ್ಠ ಶೇ. 35 ಪಡೀಬೇಕು ಅಂತ. ಸರ್ದಾರ್ ಪಟೇಲರು ಒಪ್ಪಲಿಲ್ಲ, ಸಭೆ ತಗೊಳ್ಳಲಿಲ್ಲ. ಅದೇ ವರ್ಷ ಬಾಬಾಸಾಹೇಬರು ಬರೆದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಪ್ರತ್ಯೇಕ ಮತಕ್ಷೇತ್ರದ ಬೇಡಿಕೆ ಇತ್ತು. ಆಮೇಲೆ 325ನೇ ವಿಧಿ ಬಂತು. ಒಂದು ಕ್ಷೇತ್ರಕ್ಕೆ ಒಂದೇ ಮತದಾರರ ಪಟ್ಟಿ, ಜಾತಿ ಧರ್ಮದ ಮೇಲೆ ಬೇರೆ ಪಟ್ಟಿ ಇಲ್ಲ.

"ನೋಡಿ, ನೀವು ಕೇಳೋದು ಸಂವಿಧಾನಕ್ಕೇ ವಿರೋಧ, ದೇಶ ಒಡೆಯೋ ಮಾತು" ಅಂತ ಕೆಲವರು ಈಗಲೇ ಟೈಪ್ ಮಾಡೋಕೆ ಶುರು ಮಾಡಿರ್ತಾರೆ. ನಿಲ್ಲಿ ಸ್ವಾಮಿ. ಇದೇ ದೇಶದಲ್ಲಿ ಯಾರ್ಯಾರಿಗೆ ಸ್ವಂತ ಪಟ್ಟಿ ಇದೆ ಹೇಳ್ತೀನಿ.

ಒಂದು, ಸಿಕ್ಕಿಂ. ಅಲ್ಲಿನ ವಿಧಾನಸಭೆಯಲ್ಲಿ ಸಂಘ ಅಂತ ಒಂದು ಸೀಟಿದೆ. ಬೌದ್ಧ ಮಠಗಳ ಭಿಕ್ಕುಗಳಿಗೆ ಮೀಸಲು, ಮಠಗಳ ಸಂಘದವರಿಗೆ ಮಾತ್ರ ಅಲ್ಲಿ ಓಟು. ಬೇರೆ ಪಟ್ಟಿ! ಇದು 325ನೇ ವಿಧಿಗೆ ವಿರೋಧ ಅಂತ ಆರ್.ಸಿ. ಪೌಡ್ಯಾಲ್ ಸುಪ್ರೀಂ ಕೋರ್ಟಿಗೆ ಹೋದ್ರು. 1993ರಲ್ಲಿ ಪೀಠದ ಬಹುಮತ ಆ ಸೀಟನ್ನ ಎತ್ತಿ ಹಿಡೀತು. ಸಿಕ್ಕಿಂ ಭಾರತಕ್ಕೆ ಸೇರಿದ ಚರಿತ್ರೆ ಬೇರೆ, ಅದಕ್ಕೇ 371ಎಫ್ ವಿಧಿ ಇದೆ ಅನ್ನೋದು ಕಾರಣ. ಆ ಕಾರಣ ನಮಗೆ ನೇರವಾಗಿ ಅನ್ವಯಿಸಲ್ಲ, ಸುಳ್ಳು ಹೇಳಲ್ಲ. ಆದ್ರೆ ಒಂದು ಸಮುದಾಯದ ಚರಿತ್ರೆ ನೋಡಿ ಬೇರೆ ಪಟ್ಟಿ ಕೊಡಬಹುದು ಅಂತಾದ್ರೆ, ಎರಡು ಸಾವಿರ ವರ್ಷ ಊರಾಚೆ ಇಟ್ಟದ್ದು ಚರಿತ್ರೆ ಅಲ್ವಾ? 2000ದ ಮಾರ್ಚ್ 11ರಂದು ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಸುಟ್ಟು ಕೊಂದರು, ಕೊನೆಗೆ ಆರೋಪಿಗಳೆಲ್ಲ ಖುಲಾಸೆ ಆದ್ರು. ಅದು ಚರಿತ್ರೆ ಅಲ್ವಾ?

ಎರಡು, ನಮ್ಮದೇ ವಿಧಾನ ಪರಿಷತ್ತು. ಇದನ್ನ ನನ್ನ ಮನೆಯಿಂದಲೇ ಹೇಳ್ತೀನಿ.

ನಾನು ಬಿ.ಎ. ಓದಿದೋನು, ಒಂದು ಖಾಸಗಿ ಆಫೀಸಲ್ಲಿ ಗುಮಾಸ್ತ. ನನಗೆ ಆಗ್ನೇಯ ಪದವೀಧರ ಕ್ಷೇತ್ರದಲ್ಲಿ ಒಂದು ಓಟಿದೆ. ಆರು ವರ್ಷಕ್ಕೊಮ್ಮೆ ಚುನಾವಣೆ ಬಂದಾಗ ಕ್ಯಾಂಡಿಡೇಟ್ ಕಡೆಯೋರು ಫಾರಂ 18 ಹಿಡ್ಕೊಂಡು ಆಫೀಸಿಗೇ ಬರ್ತಾರೆ. ಡಿಗ್ರಿ ಸರ್ಟಿಫಿಕೇಟ್ ಜೆರಾಕ್ಸ್ ಕೊಡಿ ಸಾರ್, ಸೈನ್ ಮಾಡಿ ಸಾರ್ ಅಂತಾರೆ. ಸಾರ್! ನಮ್ಮಪ್ಪ ಗಣಿ ಒಳಗೆ ಇಳಿದು ಕೆಲಸ ಮಾಡಿದೋನು. ನಮ್ಮಮ್ಮ ಕೂಲಿಗೆ ಹೋದೋಳು. ಅವರನ್ನ ಯಾರೂ ಹಾಗೆ ಕರೀಲಿಲ್ಲ, ಅವರ ಮುಂದೆ ಯಾವ ಫಾರಮ್ಮೂ ಬರಲಿಲ್ಲ. ನಾನು ಓದಿದ್ದು ಅವರ ಕೂಲಿಯಿಂದ. ನನಗೆ ಎರಡು ಓಟು, ಅವರಿಗೆ ಒಂದೇ. ಒಂದೇ ಸದನಕ್ಕೆ ಎರಡು ಅಲ್ಲ ಅಂತ ವಕೀಲರು ತಿದ್ದುತ್ತಾರೆ, ಗೊತ್ತು. ಆದ್ರೆ ಕಾನೂನು ಮಾಡೋ ಎರಡು ಸದನದಲ್ಲೂ ನನಗೆ ನೇರ ಪ್ರತಿನಿಧಿ ಇದ್ದಾನೆ, ಅವರಿಗೆ ಒಂದರಲ್ಲಿ ಮಾತ್ರ.

ಲೆಕ್ಕ ನೋಡಿ. ಪರಿಷತ್ತಲ್ಲಿ 75 ಸ್ಥಾನ. ಪದವೀಧರರಿಗೆ 7, ಶಿಕ್ಷಕರಿಗೆ 7, ಸ್ಥಳೀಯ ಸಂಸ್ಥೆಗಳಿಂದ 25, ಶಾಸಕರಿಂದ 25, ರಾಜ್ಯಪಾಲರ ನಾಮನಿರ್ದೇಶನ 11. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಯಲ್ಲಿ ವಿಶೇಷ ಜ್ಞಾನ ಇರೋರನ್ನ ಹಾಕಬೇಕು ಅಂತ 171ನೇ ವಿಧಿ. ಪರಿಶಿಷ್ಟರಿಗೆ ಎಷ್ಟು ಮೀಸಲು? ಸೊನ್ನೆ. 332ನೇ ವಿಧಿ ವಿಧಾನಸಭೆಗೆ ಮಾತ್ರ. ರಾಜ್ಯಸಭೆಯಲ್ಲೂ ಸೊನ್ನೆ. ಜನ ನೇರವಾಗಿ ಆರಿಸೋ ಕಡೆ ಮೀಸಲಾತಿ ಇದೆ, ಪಕ್ಷಗಳು ಲಿಸ್ಟ್ ಮಾಡಿ ಒಳಗೊಳಗೇ ಕಳಿಸೋ ಕಡೆ ಇಲ್ಲ. ಲಿಸ್ಟು ಇರೋ ಕಡೆ ನಾವಿಲ್ಲ, ನಾವಿರೋ ಕಡೆ ಲಿಸ್ಟು ನಮ್ಮದಲ್ಲ. ಎರಡೂ ಕಡೆ ಬಾಗಿಲು ಹಾಕಿದ್ದಾರೆ.

1932ರಲ್ಲಿ ನಮ್ಮ ಎರಡನೇ ಓಟು ಸಮಾಜ ಒಡೆಯುತ್ತೆ ಅಂತ ಉಪವಾಸ ನಡೀತು. ಪದವೀಧರನ ಎರಡನೇ ಓಟಿಗೆ ಇವತ್ತಿನವರೆಗೂ ಯಾರೂ ಒಂದು ಹೊತ್ತಿನ ಊಟ ಬಿಟ್ಟಿಲ್ಲ.

1935ರ ಕಾಯ್ದೆಯಲ್ಲಿ ವ್ಯಾಪಾರ, ಜಮೀನ್ದಾರರು, ವಿಶ್ವವಿದ್ಯಾಲಯಗಳ ಜೊತೆಗೆ ಕಾರ್ಮಿಕರಿಗೂ ಪ್ರಾಂತೀಯ ಸಭೆಗಳಲ್ಲಿ ಸೀಟಿತ್ತು. ಸ್ವತಂತ್ರ ಭಾರತದಲ್ಲಿ ಪದವೀಧರ ಉಳಿದ, ಮೇಷ್ಟ್ರು ಉಳಿದರು, ಕಾರ್ಮಿಕ ಮಾಯ ಆದ.

ಮೂರು, ನಗರಸಭೆ. 243ಆರ್ ವಿಧಿ ಪ್ರಕಾರ ಪೌರಾಡಳಿತದಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರೋರನ್ನ ನಾಮನಿರ್ದೇಶನ ಮಾಡಬಹುದು. ಅವರಿಗೆ ಓಟಿಲ್ಲ, ಕೂತು ಮಾತಾಡಬಹುದು. ಸರಿ, ಒಂದು ಊರಿನ ಚರಂಡಿ ಎಲ್ಲಿ ಕಟ್ಟುತ್ತೆ, ಯಾವ ಮ್ಯಾನ್‌ಹೋಲಲ್ಲಿ ಗ್ಯಾಸ್ ಇದೆ, ಯಾವ ಬೀದಿಯ ಕಸ ಯಾಕೆ ಎತ್ತಲ್ಲ ಅನ್ನೋ ವಿಶೇಷ ಜ್ಞಾನ ಪೌರಕಾರ್ಮಿಕನಿಗಿಂತ ಇನ್ಯಾರಿಗಿದೆ? ಆದ್ರೆ ಎಲ್ಲಾ ಊರಲ್ಲೂ ಆ ಕುರ್ಚಿ ಪಕ್ಷಕ್ಕೆ ಬ್ಯಾನರ್ ಕಟ್ಟಿದೋರಿಗೆ ಹೋಗುತ್ತೆ. ವಿಶೇಷ ಜ್ಞಾನ ಅಂದ್ರೆ ಬ್ಯಾನರ್ ಕಟ್ಟೋ ಜ್ಞಾನ.

ಈ ಮಾತನ್ನ ಕೆಜಿಎಫ್ ಬಿಟ್ಟು ಬೇರೆ ಊರು ಹೇಳೋಕಾಗಲ್ಲ. ಬೆಜವಾಡ ವಿಲ್ಸನ್ ಹುಟ್ಟಿದ್ದು ಇಲ್ಲೇ. ಅವರ ಮನೆಯೋರು ಇದೇ ಊರಲ್ಲಿ ಒಣ ಕಕ್ಕಸು ಬಳಿದವರು. ಅವರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. 2014ರ ಮಾರ್ಚ್ 27ರ ತೀರ್ಪು, 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ ಹತ್ತು ಲಕ್ಷ ಕೊಡಿ ಅಂತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಬಂತು. ಈ ಕೆಲಸಕ್ಕೆ ಯಾವ ಬಿ ಫಾರಂ ಬೇಕಾಯ್ತು? ಯಾವ ವಿಪ್ ಬೇಕಾಯ್ತು? ಮೀಸಲು ಕ್ಷೇತ್ರ ಇದ್ದ ಊರಲ್ಲೇ ಕಕ್ಕಸು ಬಳಿಯೋದು ನಡೀತಾ ಇತ್ತು. ಅದನ್ನ ದೇಶಕ್ಕೆ ಕೇಳಿಸಿದ್ದು ಮೀಸಲು ಕುರ್ಚಿ ಅಲ್ಲ, ಆ ಕೆಲಸ ಮಾಡಿದವರ ಮಗ. ಯಾರಿಗೆ ಉತ್ತರ ಕೊಡಬೇಕೋ ಅವರಿಗೇ ಬಾಯಿ ಕೇಳುತ್ತೆ, ಅಷ್ಟೇ ಇದರ ಪಾಠ.

ಹಾಗಾದ್ರೆ ಸೀಟು ಬಿಟ್ಟುಬಿಡೋಣ, ಹೋರಾಟ ಸಾಕು ಅಂತ ಸ್ಟೇಷನ್ನಿನ ತಮ್ಮ ಕೇಳ್ತಾನೆ. ಇಲ್ಲ ತಮ್ಮಾ. ವಿಲ್ಸನ್ ಒಂದು ತೀರ್ಪು ತರೋಕೆ ಹನ್ನೊಂದು ವರ್ಷ ಬೇಕಾಯ್ತು. ಸೀಟು ಬಿಟ್ರೆ ಆ 84 ಜಾಗಕ್ಕೆ ನಮ್ಮೋರು ಬರಲ್ಲ. ಸಾಮಾನ್ಯ ಕ್ಷೇತ್ರಗಳಲ್ಲಿ ಪಕ್ಷಗಳು ಎಷ್ಟು ದಲಿತರಿಗೆ ಟಿಕೆಟ್ ಕೊಡ್ತಾವೆ ಅಂತ ನಿನ್ನ ಕಣ್ಣಾರೆ ನೋಡಿದ್ದೀಯ. ಬಾಗಿಲಿಗೆ ಬೇರೆಯೋರು ಬೀಗ ಹಾಕಿದ್ದಾರೆ ಅಂತ ಮನೆ ಬಿಟ್ಟು ಹೋಗ್ತೀವಾ? ಬೀಗದ ಕೈ ಕೇಳ್ತೀವಿ.

ಬೀಗದ ಕೈ ಇವು, ನಾಲ್ಕು ಬೇಡಿಕೆ:

1. ಮೀಸಲು ಕ್ಷೇತ್ರದ ಅಭ್ಯರ್ಥಿಯನ್ನ ಆ ಕ್ಷೇತ್ರದ ಪರಿಶಿಷ್ಟ ಸದಸ್ಯರು ಗುಟ್ಟಿನ ಮತದಿಂದ ಆರಿಸಬೇಕು. ಪ್ರತಿ ಪಕ್ಷದ ಒಳಗೆ, ಚುನಾವಣಾ ಆಯೋಗದ ಕಣ್ಣೆದುರು. ಇದು ಸರ್ಕಾರದ ಮತದಾರರ ಪಟ್ಟಿ ಅಲ್ಲ, ಪಕ್ಷದ ಸದಸ್ಯರ ಪಟ್ಟಿ. ಅದಕ್ಕೇ 325ನೇ ವಿಧಿ ಅಡ್ಡ ಬರಲ್ಲ ಅಂತ ನಾನು ತಿಳ್ಕೊಂಡಿದ್ದೀನಿ. ವಕೀಲ ಗೆಳೆಯರು ತಪ್ಪಿದ್ರೆ ತಿದ್ದಿ. ಪಕ್ಷ ನಮ್ಮ ಖಾಸಗಿ ಸಂಘ, ಒಳಗಿನ ವಿಷಯ ಕೇಳಬೇಡಿ ಅಂತಾರೆ. ಖಾಸಗಿ ಅಂದ್ರೆ ಆದಾಯ ತೆರಿಗೆ ವಿನಾಯ್ತಿ ಯಾಕೆ? ಸರ್ಕಾರ ಕಾಯ್ದಿಡೋ ಚಿಹ್ನೆ ಯಾಕೆ? ಪ್ರಜಾಪ್ರಭುತ್ವಕ್ಕೆ ನಿಷ್ಠೆ ಅಂತ 29ಎ ಸೆಕ್ಷನ್ ಪ್ರಕಾರ ಬರೆದುಕೊಟ್ಟು ರಿಜಿಸ್ಟರ್ ಆಗೋದು ಯಾಕೆ?

2. ವಿಧಾನ ಪರಿಷತ್ತು, ರಾಜ್ಯಸಭೆಯಲ್ಲೂ ಮೀಸಲಾತಿ. ನಾಮನಿರ್ದೇಶನದಲ್ಲೂ.

3. ಪದವೀಧರ ಕ್ಷೇತ್ರ ಉಳಿಸೋದಾದ್ರೆ ಪೌರಕಾರ್ಮಿಕರಿಗೂ ಕೂಲಿ ಕಾರ್ಮಿಕರಿಗೂ ಕ್ಷೇತ್ರ ಕೊಡಿ. ಇಲ್ಲಾಂದ್ರೆ ನನ್ನ ಎರಡನೇ ಓಟನ್ನೂ ವಾಪಸ್ ತಗೊಳ್ಳಿ. ಕೊಡೋಕೆ ನಾನು ರೆಡಿ.

4. ಮೀಸಲು ಕ್ಷೇತ್ರದ ಜಾತಿ ಪ್ರಮಾಣಪತ್ರದ ಕೇಸು ಆರು ತಿಂಗಳಲ್ಲಿ ಮುಗೀಬೇಕು. ಪ್ರಯತ್ನ ಅಲ್ಲ, ಕಡ್ಡಾಯ.

ಎಡಗೈ ಬಲಗೈ ಬಗ್ಗೆ ಒಂದು ಮಾತು. ಒಳಮೀಸಲಾತಿ ನ್ಯಾಯ. 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪನ್ನ ನಾನು ಸ್ವಾಗತಿಸಿದೋನು. ಆದ್ರೆ ಟಿಕೆಟ್ ಹಂಚೋರು ನಮ್ಮ ಎರಡು ಕೈಯನ್ನೂ ಹಿಡ್ಕೊಂಡು ಒಂದಕ್ಕೊಂದು ಹೊಡೆಸ್ತಾರೆ. ಲಿಸ್ಟು ನಮ್ಮ ಕೈಗೆ ಬಂದ್ರೆ ಮಾತ್ರ ಎಡಗೈಗೆ ಎಷ್ಟು ಬಲಗೈಗೆ ಎಷ್ಟು ಅಂತ ನಾವೇ ಕೂತು ಮಾತಾಡಬಹುದು. ಅಲ್ಲಿವರೆಗೆ ಆ ಜಗಳ ನಮ್ಮದಲ್ಲ, ನಮ್ಮ ಹೆಸರಲ್ಲಿ ನಡಿಯೋದು.

2030ಕ್ಕೆ ಇನ್ನು ಹೆಚ್ಚು ದಿನ ಇಲ್ಲ. ಆವತ್ತು ಸಂಸತ್ತಲ್ಲಿ ಇನ್ನೊಂದು ಹತ್ತು ವರ್ಷ ಅಂತ ಮುಂದೂಡಿ ಟೇಬಲ್ ತಟ್ಟುತ್ತಾರೆ. ಇಲ್ಲಾ ತೆಗೆದುಹಾಕಿ ಟೇಬಲ್ ತಟ್ಟುತ್ತಾರೆ. ಎರಡರಲ್ಲೂ ನಮ್ಮನ್ನ ಕೇಳಲ್ಲ. ಈಗಿಂದಲೇ ಬಾಯಿ ಬಿಡಬೇಕು. ನಿಮ್ಮ ಕೇರಿಯಲ್ಲಿ ಒಂದು ಸಂಜೆ ಕೂತು ಈ ನಾಲ್ಕನ್ನ ಓದಿ. ಸರಿ ಅನ್ನಿಸಿದ್ರೆ ಮುಂದಿನ ಚುನಾವಣೆಗೆ ಓಟು ಕೇಳೋಕೆ ಬಂದೋರಿಗೆ ಒಂದೇ ಪ್ರಶ್ನೆ ಕೇಳಿ: "ನಿಮ್ಮ ಹೆಸರನ್ನ ಲಿಸ್ಟಿಗೆ ಹಾಕಿದ್ದು ಯಾರು?"

ಉತ್ತರ ಹೇಳೋಕೆ ತಡವರಿಸಿದ್ರೆ, ಗೆದ್ದ ಮೇಲೆ ಯಾರಿಗೆ ಉತ್ತರ ಕೊಡ್ತಾರೆ ಅಂತ ನಿಮಗೆ ಅಲ್ಲೇ ಗೊತ್ತಾಗುತ್ತೆ.

ಟ್ರೈನು ಹೊರಡೋ ಹೊತ್ತಿಗೆ ನಾನು ಆ ತಮ್ಮನಿಗೆ ಇಷ್ಟೆಲ್ಲ ಹೇಳೋಕಾಗಲಿಲ್ಲ. ಅದಕ್ಕೇ ಇಲ್ಲಿ ಬರೆದೆ. ಅವನು ಓದ್ತಾನೆ, ನೀವೂ ಓದಿ, ನಾಲ್ಕು ಜನಕ್ಕೆ ಕಳಿಸಿ.

ಜೈಭೀಮ್. ಜೈ ಸಂವಿಧಾನ.